ಬೈಯೋದೂ ಇಲ್ಲ, ಮುಟ್ಟೋದೂ ಇಲ್ಲ. ಆದ್ರೂ ಇದು ಕಿರುಕುಳಾನಾ?

ಗೋಕುಲ್‌ರೋಡ್_ಅಕ್ಕ

ನಮಸ್ಕಾರ್ರೀ ಎಲ್ಲರಿಗೂ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ಇವತ್ತು ಮಗು ಬೇಗ ಮಲಗಿದೆ, ಕೇಳಿಬಿಡ್ತೀನಿ.

ನಾನು ಹುಬ್ಬಳ್ಳಿಯಲ್ಲಿ ಒಬ್ಬ ಬಿಡಿಭಾಗಗಳ ಡೀಲರ್ ಹತ್ತಿರ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಆರು ವರ್ಷ ಆಯಿತು. ಗೋಡೌನ್ ಹುಡುಗರನ್ನು ಸೇರಿಸಿ 14 ಜನ ಇದ್ದೇವೆ. ಮೊದಲು ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಸಾಕು, ಜಿಎಸ್‌ಟಿ ರಿಟರ್ನ್‌ಗೆ ಎಲ್ಲರೂ ನನ್ನನ್ನೇ ಹುಡುಕುತ್ತಿದ್ದರು. ಹೆರಿಗೆ ರಜೆ ಮುಗಿಸಿ ಬಂದೆ ನೋಡಿ, ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರಿನ ಪಾಸ್‌ವರ್ಡ್ ಬದಲಾಗಿತ್ತು. ಕೇಳಿದರೆ ಮ್ಯಾನೇಜರ್ ನಕ್ಕು, "ಮಗು ಐತಿ, ನಿಮಗ್ಯಾಕ್ರೀ ಟೆನ್ಶನ್, ಆರಾಮ ಇರ್ರಿ" ಅಂದರು. ಈಗ ನನ್ನ ಕೆಲಸ ಕೊರಿಯರ್ ರಸೀದಿ ಅಂಟಿಸೋದು.

ನನ್ನ ಟೇಬಲ್ ಪಾರ್ಸಲ್ ಕೌಂಟರ್ ಪಕ್ಕಕ್ಕೆ ಹೋಗಿದೆ. ಕುರ್ಚಿಯ ಐದು ಗಾಲಿಯಲ್ಲಿ ನಾಲ್ಕೇ ಉಳಿದಿವೆ. ಒಂದು ಕಡೆ ವಾಲುತ್ತೆ ಅಂತ ಬೇರಿಂಗ್ ಬಂದ ರಟ್ಟಿನ ಡಬ್ಬಿ ಮಡಚಿ ಕೆಳಗೆ ಇಟ್ಟಿದ್ದೇನೆ. ಹನ್ನೊಂದಕ್ಕೆ ಚಹಾದ ಹುಡುಗ ಬಂದು "ಎಷ್ಟ್ರೀ?" ಅಂತ ಕೇಳಿದರೆ ಮ್ಯಾನೇಜರ್ ನನ್ನನ್ನು ಬಿಟ್ಟು ಎಣಿಸುತ್ತಾರೆ. ಮೊದಮೊದಲು ಮರೆತಿರಬೇಕು ಅಂದುಕೊಂಡೆ. ಎಂಟು ತಿಂಗಳು ಯಾರೂ ಮರೆಯೋದಿಲ್ಲ ಅಲ್ವಾ.

ಯಾರೂ ಬೈದಿಲ್ಲ. ಯಾರೂ ಮೈ ಮುಟ್ಟಿಲ್ಲ. ಮನೆಯಲ್ಲಿ ಹೇಳಿದರೆ "ಪಗಾರ ಬರ್ತದಲ್ಲ, ಕೆಲಸ ಕಡಿಮೆ, ಪುಣ್ಯ ಮಾಡೀದಿ" ಅಂತಾರೆ. ಇದಕ್ಕೆ ಕಿರುಕುಳ ಅನ್ನಬಹುದಾ? ಅಥವಾ ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ?

ಗಿರಮಿಟ್_ಭಕ್ತ

ಪೂರ್ತಿ ಪಗಾರ, ಅರ್ಧ ಕೆಲಸ. ಇದು ಕಿರುಕುಳ ಅಲ್ರೀ ಅಕ್ಕಾರ, ಲಾಟರಿ. ಅಲ್ಲಿ ಜಾಗ ಖಾಲಿ ಇದ್ದರೆ ನನಗೂ ಹೇಳಿ.

ಉಣಕಲ್_ತಂಗಾಳಿ

ಗಿರಮಿಟ್ ಅವರೇ, ಒಂದು ವಾರ ಹಾಗೆ ಕೂತು ನೋಡಿ ಆಮೇಲೆ ಮಾತಾಡಿ. ಆರು ವರ್ಷ ಲೆಕ್ಕ ಬರೆದ ಕೈಗೆ ಅಂಟು ಹಚ್ಚೋ ಕೆಲಸ ಕೊಡೋದು ಆರಾಮ ಅಲ್ಲ. "ನಿನಗೆ ಇಲ್ಲಿ ಕೆಲಸ ಇಲ್ಲ, ನೀನೇ ತಿಳಿದುಕೋ" ಅನ್ನೋ ಸನ್ನೆ ಅದು.

ಹಳೇ_ಗುಮಾಸ್ತ

ತಂಗಿ, ನೀವು ಜಾಸ್ತಿ ಯೋಚನೆ ಮಾಡ್ತಿಲ್ಲ. ನಾನು ಒಂದು ಕಾರ್ಖಾನೆಯಲ್ಲಿ 34 ವರ್ಷ ಗುಮಾಸ್ತನಾಗಿದ್ದೆ. ಈ ಆಟ ಹಳೆಯದು.

ನಮ್ಮಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ. ಮೇಲಿನವರ ಒಂದು ಸುಳ್ಳು ಬಿಲ್ಲಿಗೆ ಸಹಿ ಹಾಕಲಿಲ್ಲ. ಅವನಿಗೆ ಬೈಯಲಿಲ್ಲ, ನೋಟಿಸ್ ಕೊಡಲಿಲ್ಲ. ವರಾಂಡದಲ್ಲಿ ಒಂದು ಟೇಬಲ್ ಹಾಕಿ ಕೂರಿಸಿದರು ಅಷ್ಟೆ. ಫೈಲ್ ಇಲ್ಲ, ಫೋನ್ ಇಲ್ಲ. ಮೊದಲ ತಿಂಗಳು ಪೇಪರ್ ಓದಿದ. ಎರಡನೇ ತಿಂಗಳು ಟೆಂಡರ್ ಜಾಹೀರಾತನ್ನೂ ಬಿಡದೆ ಓದಿದ. ಮೂರನೇ ತಿಂಗಳು ಓದಿದ ಪ್ರತಿ ಪುಟದ ಕೆಳಗೆ ತಾರೀಖು ಹಾಕಿ ಸಹಿ ಮಾಡೋಕೆ ಶುರು ಮಾಡಿದ. ಏನೋ ಕೆಲಸ ಮುಗಿಸಿದೆ ಅಂತ ಅನಿಸಬೇಕಲ್ಲ. ನಾವು ನಕ್ಕೆವು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಐದನೇ ತಿಂಗಳು ತಾನೇ ರಾಜೀನಾಮೆ ಬರೆದುಕೊಟ್ಟ. ಅವರಿಗೆ ಬೇಕಾಗಿದ್ದೂ ಅದೇ.

ಕಟ್ಟುನಿಟ್ಟು_ಸಾಹೇಬ

ಬೇರೆಯವರು ಬೇಜಾರಾದರೂ ಪರವಾಗಿಲ್ಲ, ಹೇಳ್ತೀನಿ. ನಾನು ಒಂದು ಶೋರೂಮಿನಲ್ಲಿ 20 ಹುಡುಗರನ್ನು ನಡೆಸುತ್ತೇನೆ. ಈಗಿನವರಿಗೆ ಟಾರ್ಗೆಟ್ ಕೇಳಿದರೂ ಕಿರುಕುಳ, ಲೇಟ್ ಯಾಕೆ ಅಂದರೂ ಕಿರುಕುಳ. ನಮ್ಮ ಕಾಲದಲ್ಲಿ ಸಾಹೇಬರು ಫೈಲ್ ಎಸೆಯುತ್ತಿದ್ದರು, ಎತ್ತಿಕೊಂಡು ಬಂದು ಕೆಲಸ ಮಾಡುತ್ತಿದ್ದೆವು. ರಜೆಯಲ್ಲಿದ್ದವರ ಪಾಸ್‌ವರ್ಡ್ ಬದಲಿಸೋದು ಮಾಮೂಲು ಪದ್ಧತಿ. ಆರು ತಿಂಗಳು ಇನ್ನೊಬ್ಬರು ಆ ಕೆಲಸ ಮಾಡಿದ್ದಾರೆ, ಅವರಿಂದ ಕಿತ್ತು ಕೊಡೋಕಾಗುತ್ತಾ?

ಉಣಕಲ್_ತಂಗಾಳಿ

ರಜೆಯಲ್ಲಿ ಬದಲಿಸಿದ್ದು ಸರಿ ಸಾಹೇಬರೇ. ಬಂದ ಮೇಲೆ ಎಂಟು ತಿಂಗಳು ಕೊಡದಿದ್ದದ್ದು? ಮತ್ತೆ ಚಹಾ? ಚಹಾಕ್ಕೂ ಪಾಸ್‌ವರ್ಡ್ ಇದೆಯಾ?

"ರಿಪೋರ್ಟ್ ಯಾಕೆ ತಡ ಆಯ್ತು, ಸಂಜೆ ಒಳಗೆ ಬೇಕು" ಅಂದರೆ ಅದು ಕಟ್ಟುನಿಟ್ಟು. ರಿಪೋರ್ಟ್ ಬಗ್ಗೆ ಮಾತು, ರಿಪೋರ್ಟ್ ಕೊಟ್ಟರೆ ಮುಗೀತು. "ನಿಮ್ಮಪ್ಪ ನಿನಗೆ ಇದನ್ನೇ ಕಲಿಸಿದ್ನಾ" ಅಂತ ಎಲ್ಲರ ಮುಂದೆ ಅಂದರೆ ಏನು ಕೊಟ್ಟರೆ ಮುಗಿಯುತ್ತೆ? ಅದೂ ದಿನಾ ಒಬ್ಬನಿಗೇ. ಫೈಲ್ ಎಸೆದದ್ದನ್ನು ಎತ್ತಿಕೊಂಡು ಬಂದೆವು ಅಂದಿರಿ. ಇವತ್ತಿಗೂ ನೆನಪಿದೆ ನಿಮಗೆ, ನೋಡಿ.

ಕಟ್ಟುನಿಟ್ಟು_ಸಾಹೇಬ

ನೆನಪಿದೆ. ಅದು ಬೇರೆ ಮಾತು.

ಚಿಗರಿ_ನಿಂತುಕೊಂಡು

ನಂದೊಂದು ಕಿರುಕುಳ ಹೌದೋ ಅಲ್ಲವೋ ಹೇಳಿ. ನಾನು ನವನಗರದಿಂದ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುವವನು. ನಮ್ಮದು ಹುಬ್ಬಳ್ಳಿಯ ಸಣ್ಣ ಬ್ರಾಂಚ್, ಹೆಡ್ ಆಫೀಸ್ ಬೆಂಗಳೂರು. ಸೋಮವಾರ ವಿಡಿಯೋ ಕಾಲ್. ನಾನು "ಹೌದ್ರಿ ಸರ, ಸಂಜಿಕೆ ಕಳಸ್ತೀನ್ರಿ" ಅಂದೆ. ಅಲ್ಲಿಂದ ಒಬ್ಬ ಮೈಕ್ ಆನ್ ಮಾಡಿ ಅದನ್ನೇ ರಾಗವಾಗಿ ಅಂದ. ಎಂಟು ಚೌಕದಲ್ಲಿ ಎಂಟು ಜನ ನಕ್ಕರು. ನಾನೂ ನಕ್ಕೆ.

ಮುಂದಿನ ಸೋಮವಾರ "ಅದನ್ನ ಇನ್ನೊಂದ್ಸಲ ಹೇಳಿ ಪ್ಲೀಸ್" ಅಂದರು. ಆಮೇಲೆ ಯಾವ ಹೊಸಬರು ಸೇರಿದರೂ "ಇವರ ಕನ್ನಡ ಕೇಳಿ, ಸಖತ್ತಾಗಿದೆ" ಅಂತ ಪರಿಚಯ ಮಾಡಿಸುತ್ತಾರೆ. ಸಿನಿಮಾದ ಹಾಸ್ಯ ಪಾತ್ರ ಆಗಿಬಿಟ್ಟೆ. ಈಗ ನಾನು ಕಾಲ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲ್ಲ. ಅದೂ ಅಷ್ಟಕ್ಕಷ್ಟೇ ಬರುತ್ತೆ. ಹಾಗಾಗಿ ಮಾತೇ ಕಡಿಮೆ. ಅಪ್ರೈಸಲ್‌ನಲ್ಲಿ ಬರೆದಿದ್ದು ಏನು ಗೊತ್ತಾ? "ಸಂವಹನ ಸುಧಾರಿಸಬೇಕು."

ಗಿರಮಿಟ್_ಭಕ್ತ

ಲೇ ಇದು ಮಾತ್ರ ಸಿಟ್ಟು ಬರೋ ವಿಷಯ. ಅವರ "ಬರ್ತವ್ನೆ, ಹೋಯ್ತವ್ನೆ" ಕೇಳಿ ನಾವು ನಕ್ಕೀವಾ?

ಲೈನ್‌ಬಜಾರ್_ಪೇಡೆ

ನಕ್ಕಿದ್ದೀವಿ. ಸುಳ್ಳು ಹೇಳಬೇಡಿ.

ಅದಿರಲಿ, ಒಂದು ಸಲ ಆದರೆ ಅದು ತಮಾಷೆ ಅನ್ನೋಣ. ನೀವು ಬೇಡ ಅಂದ ಮೇಲೂ, ಅಥವಾ ಬೇಡ ಅನ್ನೋಕೆ ಆಗದಂಥ ಜಾಗದಲ್ಲಿ, ವಾರವಾರ ನಡೆದರೆ ಅದು ತಮಾಷೆ ಅಲ್ಲ. ನೀವು ಮಾತು ಬಿಟ್ಟಿರಿ, ಆ ಮಾತು ಬಿಟ್ಟಿದ್ದಕ್ಕೇ ಅಂಕ ಕಳೆದರು. ಅಲ್ಲಿಗೆ ಲೆಕ್ಕ ಸರಿಯಾಯಿತಲ್ಲ.

ಕರಿಕೋಟು_ಧಾರವಾಡ

ವಕೀಲಿ ಮಾಡುವವಳು, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಗೋಕುಲ್‌ರೋಡ್ ಅಕ್ಕನಿಗೆ. ಕನ್ನಡದಲ್ಲಿ ನಾವು ಎಲ್ಲಕ್ಕೂ ಕಿರುಕುಳ ಅಂತ ಒಂದೇ ಮಾತು ಬಳಸುತ್ತೇವೆ. ಕಾನೂನಿನಲ್ಲಿ ಅದಕ್ಕೆ ಬೇರೆ ಬೇರೆ ಬಾಗಿಲು ಇವೆ. ಯಾವ ಬಾಗಿಲು ಅಂತ ಗೊತ್ತಾಗದೆ ಜನ ಹೊರಗೇ ನಿಲ್ಲುತ್ತಾರೆ. ಬರೀ ಕೂಗಾಡೋದು, ಮೂಲೆಗೆ ತಳ್ಳೋದು, ಇದಕ್ಕೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಆದರೆ ಹೆರಿಗೆ ರಜೆಯ ಕಾರಣಕ್ಕೆ ಆದರೆ ಮಾತು ಬೇರೆ. 2017ರಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದು ಎಲ್ಲರಿಗೂ ಗೊತ್ತು. ಅದೇ ಕಾನೂನು, ರಜೆ ಹಾಕಿದ ಕಾರಣಕ್ಕೆ ಹೆಣ್ಣುಮಗಳ ಕೆಲಸದ ಷರತ್ತನ್ನು ಅವಳಿಗೆ ನಷ್ಟ ಆಗೋ ಹಾಗೆ ಬದಲಿಸಬಾರದು ಅಂತಲೂ ಹೇಳುತ್ತೆ. ಇದು ಯಾರಿಗೂ ಗೊತ್ತಿರಲ್ಲ. ಮಗುವಿಗೆ 15 ತಿಂಗಳು ತುಂಬೋವರೆಗೆ ಹಾಲು ಕುಡಿಸೋಕೆ ದಿನಕ್ಕೆ ಎರಡು ಬಿಡುವು ಕೊಡಬೇಕು, ಅದೂ ಊಟದ ಬಿಡುವು ಬಿಟ್ಟು. ನಿಮಗೆ ಕೊಡ್ತಿದ್ದಾರಾ?

ಗೋಕುಲ್‌ರೋಡ್_ಅಕ್ಕ

ಎಲ್ಲರಿಗೂ ಧನ್ಯವಾದ. ಬಿಡುವಿನ ಮಾತು ಬಂತಲ್ಲ, ಒಂದು ಹೇಳೋದು ಬಿಟ್ಟಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದುಕೊಂಡಿದ್ದೆ. ಬರೆಯೋಕೆ ಮುಜುಗರ ಬೇರೆ.

ಮನೆ ದೂರ, ಹೋಗಿ ಬರೋಕಾಗಲ್ಲ. ಹಾಗಾಗಿ ಮೊದಲ ವಾರ ಮಧ್ಯಾಹ್ನ ಸ್ಟೋರ್ ರೂಮಿಗೆ ಹೋಗಿ ಹಾಲು ತೆಗೆದು ಬಾಟಲಿಯಲ್ಲಿ ಇಡುತ್ತಿದ್ದೆ. ಒಂದು ದಿನ ಹೊರಗೆ ಬಂದಾಗ ಚಹಾದ ಹುಡುಗ ನಿಂತಿದ್ದ. ಮ್ಯಾನೇಜರ್ ಅವನಿಗೆ, "ಇವತ್ತ ಹಾಲ ತರಬ್ಯಾಡಲೇ, ಇಲ್ಲೇ ಐತಿ" ಅಂದರು. ಇಬ್ಬರು ನಕ್ಕರು. ನಾನು ಎಲ್ಲರ ಎದುರಿಗೇ "ಮರ್ಯಾದೆಯಿಂದ ಮಾತಾಡ್ರಿ" ಅಂದುಬಿಟ್ಟೆ. ಅವತ್ತಿಂದ ನನ್ನ ಚಹಾ ಎಣಿಸಿಲ್ಲ. ಈಗ ಬರೆಯುವಾಗ ಗೊತ್ತಾಯಿತು, ಟೇಬಲ್ ಬದಲಾಗಿದ್ದೂ ಅದೇ ವಾರ.

ಆಮೇಲೂ ಆಫೀಸ್ ವಾಟ್ಸಾಪ್ ಗ್ರೂಪಿನಲ್ಲಿ ಆಗಾಗ ಹಾಲಿನ ಪಾಕೀಟಿನ ಸ್ಟಿಕ್ಕರ್ ಹಾಕುತ್ತಾರೆ. ಕೆಳಗೆ ಏನೂ ಬರೆಯಲ್ಲ. ಗೊತ್ತಿದ್ದವರು ನಗುವ ಮುಖ ಹಾಕುತ್ತಾರೆ. ಹೋದ ತಿಂಗಳೂ ಹಾಕಿದ್ದರು.

ಉಣಕಲ್_ತಂಗಾಳಿ

ಅಯ್ಯೋ ಅಕ್ಕಾ. ಮುಖ್ಯ ಸಂಗತಿಯನ್ನು ಬಿಟ್ಟು ಕುರ್ಚಿ ಗಾಲಿ ಹೇಳ್ತಾ ಕೂತಿದ್ದೀರಲ್ಲ.

ಗಿರಮಿಟ್_ಭಕ್ತ

ಅಕ್ಕಾರ, ಮೊದಲು ಲಾಟರಿ ಅಂದಿದ್ದೆ. ತಪ್ಪಾಯ್ತು. ವಾಪಸ್ ತಗೋತೀನಿ.

ಕರಿಕೋಟು_ಧಾರವಾಡ

ಇಲ್ಲಿಗೆ ಇಡೀ ವಿಷಯ ಬೇರೆ ಆಯಿತು. ಇದು ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಗೆ ಬರುತ್ತೆ. ಜನ ಪಾಶ್ ಕಾಯ್ದೆ ಅಂತಾರಲ್ಲ, ಅದೇ.

ಮುಟ್ಟಿದರೆ ಮಾತ್ರ ಲೈಂಗಿಕ ಕಿರುಕುಳ ಅನ್ನೋದು ದೊಡ್ಡ ತಪ್ಪು ತಿಳುವಳಿಕೆ. ಮುಟ್ಟೋದು, ಮೈಮೇಲೆ ಬರೋದು ಅದರಲ್ಲಿ ಒಂದು. "ನನ್ನ ಜೊತೆ ಹೀಗಿದ್ದರೆ ಹಾಗೆ ಮಾಡಿಕೊಡ್ತೀನಿ" ಅಂತ ಕೇಳೋದು ಇನ್ನೊಂದು. ಅಶ್ಲೀಲ ಚಿತ್ರ ತೋರಿಸೋದೂ ಸೇರುತ್ತೆ. ಲೈಂಗಿಕ ಬಣ್ಣದ ಮಾತು ಅಂತ ಬೇರೆಯೇ ಇದೆ, ಹಾಲಿನ ಮಾತು ಅಲ್ಲಿಗೆ ಬರುತ್ತೆ. ಕೊನೆಗೆ, ಬೇಡವಾದ ಯಾವುದೇ ಲೈಂಗಿಕ ನಡತೆ, ಮಾತಿನಲ್ಲಿರಲಿ ಸನ್ನೆಯಲ್ಲಿರಲಿ. ಏನೂ ಬರೆಯದೆ ಸ್ಟಿಕ್ಕರ್ ಹಾಕಿದರೆ ಬಚಾವ್ ಅಂತ ಅವನು ತಿಳಿದಿದ್ದಾನೆ. ಅಲ್ಲ. ಅವನ ಉದ್ದೇಶ ಏನಿತ್ತು ಅನ್ನೋದಕ್ಕಿಂತ ನಿಮಗೆ ಅದು ಬೇಕಿತ್ತಾ ಬೇಡವಾಗಿತ್ತಾ ಅನ್ನೋದು ಮುಖ್ಯ.

ಕುರ್ಚಿ, ಪಾಸ್‌ವರ್ಡ್, ಚಹಾ? ಅವೂ ಈಗ ಬೇರೆಯಾಗಿ ನಿಲ್ಲಲ್ಲ. ಇಂಥ ನಡತೆಯ ಜೊತೆ ಸೇರಿಕೊಂಡು ಕೆಲಸಕ್ಕೆ ಅಡ್ಡಿ ಮಾಡೋದು, ಅವಮಾನ ಮಾಡೋದು, ಹೆದರಿಕೆಯ ವಾತಾವರಣ ಹುಟ್ಟಿಸೋದು ಇವನ್ನೂ ಕಾಯ್ದೆ ಹೆಸರು ಹಿಡಿದು ಹೇಳಿದೆ. ನೀವು ಎದುರು ಮಾತಾಡಿದ್ದಕ್ಕೆ ಬಂದ ಶಿಕ್ಷೆ ಅದು.

ಶಿಗ್ಗಾವಿ_ಹುಡುಗ

ಆರು ತಿಂಗಳ ಒಳಗೆ ದೂರು ಕೊಡಬೇಕಂತೆ. ಅಕ್ಕನದು ಎಂಟು ತಿಂಗಳಾಯಿತಲ್ಲ, ಮುಗೀತು. ಪೊಲೀಸರ ಹತ್ತಿರ ಹೋಗಿ 354ಎ ಹಾಕಿಸಿ.

ಕರಿಕೋಟು_ಧಾರವಾಡ

ಎರಡೂ ಅರ್ಧ ಸರಿ. ಅವಧಿ ಮೂರು ತಿಂಗಳು. ಕಾರಣ ಸರಿ ಇದ್ದರೆ ಸಮಿತಿ, ಅಂದರೆ ಇಂಥ ದೂರು ವಿಚಾರಿಸೋಕೆ ಈ ಕಾಯ್ದೆ ಪ್ರಕಾರ ಇರಬೇಕಾದ ಸಮಿತಿ, ಇನ್ನೂ ಮೂರು ತಿಂಗಳು ಕೊಡಬಹುದು, ಅಲ್ಲಿಂದ ನಿಮ್ಮ ಆರು ಬಂದಿರಬೇಕು. ಆದರೆ ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಸಬೇಕು. ಹೋದ ತಿಂಗಳ ಸ್ಟಿಕ್ಕರ್ ಇದೆಯಲ್ಲ, ಅವನೇ ಲೆಕ್ಕ ಹೊಸದಾಗಿ ಶುರು ಮಾಡಿಕೊಟ್ಟಿದ್ದಾನೆ. 354ಎ ಹಳೆಯ ದಂಡ ಸಂಹಿತೆಯದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ 75ನೇ ಕಲಂ. ಪೊಲೀಸ್ ದಾರಿ, ಸಮಿತಿ ದಾರಿ ಎರಡೂ ಹಿಡಿಯಬಹುದು. ಒಂದು ಹಿಡಿದರೆ ಇನ್ನೊಂದು ಮುಚ್ಚಲ್ಲ.

ಅನುಮಾನ_ಇದ್ದೇ_ಇದೆ

ಒಂದು ಸ್ಟಿಕ್ಕರ್‌ಗೆ ಒಬ್ಬನ ಸಂಸಾರ ಹಾಳು ಮಾಡೋದಾ? ಸುಳ್ಳು ದೂರು ಎಷ್ಟು ಬರ್ತಾವೆ ಗೊತ್ತಾ? ನಮ್ಮ ಪರಿಚಯದವರೊಬ್ಬರಿಗೆ ಹೀಗೇ ಆಗಿ ಊರು ಬಿಟ್ಟರು.

ಲೈನ್‌ಬಜಾರ್_ಪೇಡೆ

ಒಂದು ಸ್ಟಿಕ್ಕರ್ ಅಲ್ಲ ಸ್ವಾಮಿ, ಎಂಟು ತಿಂಗಳು. ಮೇಲಿಂದ ಓದಿ. ಸಂಸಾರದ ಚಿಂತೆ ಸ್ಟಿಕ್ಕರ್ ಹಾಕುವಾಗ ಅವನಿಗೆ ಬರಬೇಕಿತ್ತು.

ಕರಿಕೋಟು_ಧಾರವಾಡ

ಬೇಕಂತಲೇ ಸುಳ್ಳು ದೂರು ಕೊಟ್ಟರೆ ಕ್ರಮಕ್ಕೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಸಾಬೀತು ಮಾಡೋಕೆ ಆಗಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತ ಆಗಲ್ಲ ಅಂತಲೂ ಅಲ್ಲೇ ಬರೆದಿದೆ. ಇಬ್ಬರ ಹೆಸರೂ ಹೊರಗೆ ಬಿಡುವಂತಿಲ್ಲ. ನಿಮ್ಮ ಪರಿಚಯದವರ ಹೆಸರು ಊರ ತುಂಬ ಹಬ್ಬಿದ್ದರೆ ಅದೂ ತಪ್ಪೇ.

ತೊಟ್ಟು_ಬಿಡಿಸಿದ_ಕೈ

ಎಲ್ಲಾ ಆಫೀಸು, ವಿಡಿಯೋ ಕಾಲ್, ಸ್ಟಿಕ್ಕರ್ ಅಂತಿದ್ದೀರಿ. ನಮ್ಮವ್ವನ ಆಫೀಸ್ ಯಾವುದು ಗೊತ್ತಾ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿ. ನೆಲದ ಮೇಲೆ ಕೂತು ತೊಟ್ಟು ಬಿಡಿಸೋದು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಹೇಳೋರು ದಿನವಿಡೀ ಅದರ ಧೂಳಿನಲ್ಲಿ ಕೂತು ನೋಡಲಿ. ರಾತ್ರಿ ಅಂಗೈ ಉರಿ ತಡೆಯದೆ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂತಿರುತ್ತಿದ್ದಳು.

ಒಬ್ಬ ಗುತ್ತಿಗೆದಾರ ಇದ್ದ. ತೂಕ ಮಾಡಿ ಪಗಾರ ಕೊಡುವಾಗ ವಯಸ್ಸಾದವರಿಗೆ ಬೇಗ ಕೊಡುತ್ತಿದ್ದ. ಸಣ್ಣ ವಯಸ್ಸಿನವರಿಗೆ "ನಿಂದು ಕಡೀಕ, ಒಳಗ ಬಾ" ಅನ್ನುತ್ತಿದ್ದ. ಅದಕ್ಕೆ ಹೆಂಗಸರು ಒಂದು ಉಪಾಯ ಮಾಡಿದ್ದರು. ಯಾರನ್ನಾದರೂ ಕಡೆಗೆ ಇಟ್ಟರೆ ನಮ್ಮವ್ವ ಮತ್ತು ಇನ್ನಿಬ್ಬರು ಮುದುಕಿಯರು "ನಮ್ಮ ತೂಕ ತಪ್ಪೈತಿ, ಮತ್ತೊಮ್ಮೆ ಮಾಡು" ಅಂತ ಅಲ್ಲೇ ಜಗಳ ತೆಗೆದು ನಿಲ್ಲುತ್ತಿದ್ದರು. ಕಿರುಕುಳ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. "ಅವನ ಕಣ್ಣು ಚಲೋ ಇಲ್ಲ" ಅಂತಿದ್ದರು ಅಷ್ಟೆ. ಆದರೆ ಗುರುತು ಮಾತ್ರ ಸರಿಯಾಗಿ ಹಿಡಿದಿದ್ದರು.

ಉಣಕಲ್_ತಂಗಾಳಿ

ತೂಕದ ಜಗಳ! ನಿಮ್ಮವ್ವಗೆ ನಮಸ್ಕಾರ ಹೇಳಿ.

ಹಾವೇರಿ_ಆಶಾ

ನಾನು ಹಾವೇರಿ ತಾಲ್ಲೂಕಿನ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ತರಬೇತಿಯಲ್ಲಿ ಹೇಳಿದ್ದು ನೆನಪಿದೆ. ಈ ಕಾನೂನು ದೊಡ್ಡ ಆಫೀಸಿನ ಮೇಡಮ್ಮರಿಂದ ಶುರುವಾಗಿದ್ದಲ್ಲ. ರಾಜಸ್ಥಾನದಲ್ಲಿ ಭಂವರಿ ದೇವಿ ಅಂತ, ಹಳ್ಳಿಯಲ್ಲಿ ಸರ್ಕಾರದ ಕೆಲಸ ಮಾಡೋ ಹೆಂಗಸು, ನಮ್ಮ ಹಾಗೆ. ಬಾಲ್ಯವಿವಾಹ ತಡೆಯೋಕೆ ಹೋದರು ಅನ್ನೋ ಕಾರಣಕ್ಕೆ 1992ರಲ್ಲಿ ಅವರ ಮೇಲೆ ಅತ್ಯಾಚಾರ ಆಯಿತು. ಅಲ್ಲಿಂದ ಶುರುವಾಗಿ 1997ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋಕೆ ನಿಯಮ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ಕಾಯ್ದೆ ಆಗೋಕೆ ಇನ್ನೂ 16 ವರ್ಷ ಹಿಡೀತು.

ನಮಗೆ ಮನೆಮನೆಗೆ ಹೋಗೋದೇ ಕೆಲಸ. ಒಂದು ಮನೆಯಲ್ಲಿ ಗಂಡಸು ಬಾಗಿಲಿಗೆ ಅಡ್ಡ ನಿಂತು "ನನ್ನ ಬಿಪಿನೂ ನೋಡ್ರಿ" ಅಂತಾನೆ. ಆ ಮನೆ ನನ್ನ ಕೆಲಸದ ಜಾಗ ಹೌದೋ ಅಲ್ಲವೋ?

ಕರಿಕೋಟು_ಧಾರವಾಡ

ಹೌದು. ಕೆಲಸದ ಸಲುವಾಗಿ ಹೋದ ಜಾಗ ಎಲ್ಲ ಕೆಲಸದ ಜಾಗವೇ. ಮಾಲೀಕರು ಕೊಟ್ಟ ವಾಹನವೂ ಸೇರಿ.

ಬ್ಯಾಡಗಿಯವರಿಗೂ ಹೇಳಬೇಕಿತ್ತು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ, ಮನೆಕೆಲಸದವರಿಗೆ, ಅಥವಾ ಮಾಲೀಕನೇ ತಪ್ಪು ಮಾಡಿದ್ದರೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಬರೆಯೋಕೆ ಬಾರದಿದ್ದರೆ ದೂರು ಬರೆದುಕೊಳ್ಳೋಕೆ ಸಮಿತಿಯವರೇ ನೆರವಾಗಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಗಿರಮಿಟ್_ಭಕ್ತ

ನಮ್ಮ ಜಿಲ್ಲಾ ಕಚೇರಿ ಅಂದರೆ ಧಾರವಾಡ. ಹುಬ್ಬಳ್ಳಿಯವರ ಹಣೆಬರಹ, ಸಹಿ ಒಂದಿದ್ದರೂ ಧಾರವಾಡ.

ಲೈನ್‌ಬಜಾರ್_ಪೇಡೆ

ಬಂದಾಗ ಪೇಡೆ ಒಯ್ಯಬಹುದಲ್ಲ, ಅದಕ್ಕೇನು ಬೇಜಾರು?

ಚಿಗರಿ_ನಿಂತುಕೊಂಡು

ಚಿಗರಿಯಲ್ಲಿ ಎಸಿ ಇದೆ, ಅರ್ಧ ದಾರಿ ನಿದ್ದೆ ಮಾಡಿ. ಸೀಟು ಸಿಕ್ಕರೆ.

ಬೆಟಗೇರಿ_ಮಗ್ಗ

ವಿಷಯಕ್ಕೆ ಬನ್ನಿ. ನನ್ನದು ಗದಗ. ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾಲ್ಕು ವರ್ಷ ಇದ್ದೆ. ನೀರಿನ ಫಿಲ್ಟರ್ ಮೇಲೆ ಸ್ಟೀಲ್ ಲೋಟ ಆರು ಇದ್ದವು. ನಾನು ಸೇರಿ ಎರಡು ವಾರಕ್ಕೆ ನನಗೊಂದು ಪ್ಲಾಸ್ಟಿಕ್ ಲೋಟ ಬಂತು. ಯಾರೂ ಏನೂ ಹೇಳಲಿಲ್ಲ. "ಇದು ನಿನಗ, ಹೊಸದು" ಅಂದರು ಪ್ರೀತಿಯಿಂದ. ನನ್ನ ಅಡ್ಡಹೆಸರು ಕೇಳಿದ ಮಾರನೇ ದಿನ ಅದು ಬಂತು. ಅಕ್ಕನ ಚಹಾದ ಕಥೆ ಓದಿ ಆ ಲೋಟ ನೆನಪಾಯಿತು. ನೀಲಿ ಬಣ್ಣ.

ಅಡ್ಡಹೆಸರು ಕೇಳೋದು ಇದೆಯಲ್ಲ, ನಮ್ಮ ಕಡೆ ಅಲ್ಲೇ ಅರ್ಧ ಸಂದರ್ಶನ ಮುಗಿಯುತ್ತೆ.

ಕರಿಕೋಟು_ಧಾರವಾಡ

ಜಾತಿ ಹೆಸರಿನಲ್ಲಿ ಜನರ ಕಣ್ಣೆದುರು ಅವಮಾನ ಮಾಡಿದರೆ 1989ರ ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆ ಇದೆ. ಲೋಟದಂಥದಕ್ಕೆ ಅಸ್ಪೃಶ್ಯತೆ ವಿರುದ್ಧದ ನಾಗರಿಕ ಹಕ್ಕುಗಳ ಕಾಯ್ದೆ 1955ರಿಂದಲೂ ಇದೆ. ಆದರೆ "ಹೊಸದು, ನಿನಗೆ" ಅಂತ ಪ್ರೀತಿಯಿಂದ ಕೊಟ್ಟ ಲೋಟವನ್ನು ಸಾಬೀತು ಮಾಡೋದು ಕಷ್ಟ. ಅದನ್ನು ಮುಚ್ಚಿಡೋಕೆ ಹೋಗಲ್ಲ.

ಕಲೆಕ್ಷನ್_ಹುಡುಗ

ಗಂಡಸರ ಬಗ್ಗೆ ಯಾರಾದರೂ ಹೇಳಿ. ಸಾಲ ವಸೂಲಿ ಕೆಲಸ ನಂದು, ರೋಣ ಗಜೇಂದ್ರಗಡ ಕಡೆ ತಿರುಗಾಟ. ಟಾರ್ಗೆಟ್ ಆಗದಿದ್ದರೆ ಬೆಳಿಗ್ಗೆ ಮೀಟಿಂಗ್‌ನಲ್ಲಿ ಬಳೆ ತಂದು ಟೇಬಲ್ ಮೇಲೆ ಇಡುತ್ತಾರೆ. "ಹಾಕ್ಕೋ" ಅಂತಾರೆ. ಒಬ್ಬನಿಗೆ ನಿಜವಾಗಿ ತೊಡಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಅವನ ಹೆಂಡತಿ ಆ ಫೋಟೋ ನೋಡಿದಳು.

ಕಟ್ಟುನಿಟ್ಟು_ಸಾಹೇಬ

ಇದು ಹೊಲಸು. ನಾನು ಕಟ್ಟುನಿಟ್ಟು ಹೌದು, ಇದನ್ನು ಮಾಡಲ್ಲ.

ಉಣಕಲ್_ತಂಗಾಳಿ

ಬಳೆ ಹಾಕಿಕೊಂಡೇ ದಿನಾ ಎಂಟು ತಾಸು ದುಡಿಯೋ ನನಗೂ ಅದೇ ಮಾತಿನಲ್ಲಿ ಬೈಗುಳ ಇದೆ, ಗಮನಿಸಿದಿರಾ?

ಕರಿಕೋಟು_ಧಾರವಾಡ

2013ರ ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಮಾತ್ರ ದೂರು ಕೊಡಬಹುದು. ಗಂಡಸರಿಗೆ ಅದು ಮುಚ್ಚಿದೆ, ಅದು ನಿಜವಾದ ಕೊರತೆ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕಂಪನಿಯ ಸ್ವಂತ ನಿಯಮ ಇದ್ದರೆ ಅದರಲ್ಲಿ ಬರೆದುಕೊಡಿ. ಬಲವಂತ, ಬೆದರಿಕೆ ಇದ್ದರೆ ಪೊಲೀಸ್ ದೂರು ಆಗುತ್ತೆ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಯುಜಿಸಿಯ 2015ರ ನಿಯಮ ಇದೆ, ಅದು ಹುಡುಗರನ್ನೂ ತೃತೀಯ ಲಿಂಗಿಗಳನ್ನೂ ಲೆಕ್ಕಕ್ಕೆ ತಗೊಂಡಿದೆ. ಧಾರವಾಡದಲ್ಲಿ ಓದುವವರು ತಿಳಿದುಕೊಂಡಿರಿ. ಫೋಟೋ ಇರೋ ಆ ಗ್ರೂಪಿನಿಂದ ಮಾತ್ರ ಹೊರಗೆ ಬರಬೇಡಿ.

ಹಳೇ_ಗುಮಾಸ್ತ

ಹತ್ತು ಜನ ಇದ್ದರೆ ಸಮಿತಿ ಕಡ್ಡಾಯ ಅಲ್ವಾ? ಅಕ್ಕನ ಕಡೆ 14 ಇದ್ದಾರೆ. ದಿನಗೂಲಿ, ಗುತ್ತಿಗೆ, ಟ್ರೇನಿ ಎಲ್ಲ ಸೇರುತ್ತೆ. ಸಮಿತಿ ಇದೆಯಾ ಕೇಳಿ ತಂಗಿ.

ಗೋಕುಲ್‌ರೋಡ್_ಅಕ್ಕ

ಇವತ್ತು ಹುಡುಕಿದೆ. ಬೋರ್ಡ್ ಇದೆ! ಆಯುಧ ಪೂಜೆಗೆ ಕಟ್ಟಿದ್ದ ಬಾಳೆಕಂಬ ಒಣಗಿ ಹಾಗೇ ನಿಂತಿತ್ತಲ್ಲ, ಅದರ ಹಿಂದೆ. ನಾಲ್ಕು ಹೆಸರು ಬರೆದಿದ್ದಾರೆ. ಒಬ್ಬರು ಮದುವೆಯಾಗಿ ಪುಣೆಗೆ ಹೋಗಿ ಮೂರು ವರ್ಷದ ಮೇಲಾಯಿತು. ಅಧ್ಯಕ್ಷೆ ಮಾಲೀಕರ ಹೆಂಡತಿ, ಅವರನ್ನು ನಾನು ದೀಪಾವಳಿ ಪೂಜೆಯಲ್ಲಿ ಬಿಟ್ಟರೆ ಕಂಡಿಲ್ಲ. ಇನ್ನೊಬ್ಬರು ನಮ್ಮ ಮ್ಯಾನೇಜರ್.

ನಾಲ್ಕನೇ ಹೆಸರು ನನ್ನದು. ನನಗೇ ಗೊತ್ತಿರಲಿಲ್ಲ.

ಲೈನ್‌ಬಜಾರ್_ಪೇಡೆ

ದೂರು ಕೊಡೋದು ನಿಮಗೇ, ವಿಚಾರಣೆ ಮಾಡೋದು ಅವನು. ಚೆಂದ ಇದೆ.

ಕರಿಕೋಟು_ಧಾರವಾಡ

ನಗು ಬಂತು, ಸಿಟ್ಟೂ ಬಂತು. ಇದು ಸಮಿತಿಯೇ ಅಲ್ಲ. ಅಧ್ಯಕ್ಷೆ ಅಲ್ಲೇ ಕೆಲಸ ಮಾಡೋ ಹಿರಿಯ ಮಹಿಳೆ ಆಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಬೇಕು. ಹೊರಗಿನವರು ಒಬ್ಬರು ಕಡ್ಡಾಯ, ಮಹಿಳೆಯರ ಪರ ಕೆಲಸ ಮಾಡೋ ಸಂಸ್ಥೆಯವರು ಅಥವಾ ಈ ವಿಷಯ ಬಲ್ಲವರು. ಅವಧಿ ಮೂರು ವರ್ಷ ಮೀರುವಂತಿಲ್ಲ. ಸರಿಯಾದ ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ ಇದೆ. ಆ ಬೋರ್ಡಿನ ಫೋಟೋ ತೆಗೀರಿ, ಬಾಳೆಕಂಬದ ಸಮೇತ.

ದೂರನ್ನು ಮಾಲೀಕರಿಗೆ ಬರೆದು, ಸ್ಥಳೀಯ ಸಮಿತಿಗೂ ಕೊಡಿ. ಕೇಂದ್ರದ ಶಿ-ಬಾಕ್ಸ್ ಜಾಲತಾಣದಲ್ಲೂ ಹಾಕಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಅವನನ್ನೋ ನಿಮ್ಮನ್ನೋ ಬೇರೆ ಕಡೆ ಹಾಕಿ ಅಂತ ಕೇಳಬಹುದು, ಮೂರು ತಿಂಗಳವರೆಗೆ ರಜೆಯನ್ನೂ ಕೇಳಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ.

ಇನ್ನು ಬರವಣಿಗೆ. "ತುಂಬಾ ಹಿಂಸೆ ಕೊಡ್ತಾರೆ" ಅಂತ ಬರೆಯಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಅವನ ಬಾಯಿಂದ ಬಂದ ಮಾತು ಹಾಗೇ, ಯಾರು ಎದುರಿಗಿದ್ದರು. "ಹಾಲ ತರಬ್ಯಾಡಲೇ" ಅಂದಿದ್ದನ್ನು ಶುದ್ಧ ಕನ್ನಡ ಮಾಡೋಕೆ ಹೋಗಬೇಡಿ.

ಶಿಗ್ಗಾವಿ_ಹುಡುಗ

ಮಾಲೀಕರು ಕರೆದು ಕೂರಿಸಿ ರಾಜಿ ಮಾಡಿಸಿದರೆ?

ಕರಿಕೋಟು_ಧಾರವಾಡ

ರಾಜಿ ಅಕ್ಕ ಕೇಳಿದರೆ ಮಾತ್ರ, ಅದೂ ಸಮಿತಿ ಮುಂದೆ. ದುಡ್ಡು ಕೊಟ್ಟು ರಾಜಿ ಆಗಲ್ಲ.

ಗೋಕುಲ್‌ರೋಡ್_ಅಕ್ಕ

ಬರೆಯೋಕೆ ಕೂತೆ. ಎರಡು ಪುಟ ಆಯಿತು. ಲೆಕ್ಕದವಳು ನೋಡಿ, ತಾರೀಖಿನ ಪ್ರಕಾರ ಕಾಲಂ ಹಾಕಿಬಿಟ್ಟೆ. ಚಹಾದ ಕಾಲಂ ಬೇರೆ ಮಾಡಿದ್ದೇನೆ, ಜಾಸ್ತಿ ಆಯಿತಾ? ಎಷ್ಟು ಪ್ರತಿ ಬೇಕು?

ಕರಿಕೋಟು_ಧಾರವಾಡ

ಚಹಾ ಇರಲಿ. ಆರು ಪ್ರತಿ. ಜೊತೆಗೆ ಸ್ಕ್ರೀನ್‌ಶಾಟ್, ಸಾಕ್ಷಿಗಳ ಹೆಸರು, ವಿಳಾಸ. ಒಂದು ಪ್ರತಿ ಮೇಲೆ "ತಲುಪಿದೆ" ಅಂತ ಸೀಲು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಂದರೆ ಏಳು.

ಗಿರಮಿಟ್_ಭಕ್ತ

ಅಕ್ಕಾರ, ಜೆರಾಕ್ಸ್ ಆಫೀಸ್ ಹತ್ತಿರ ಮಾಡಿಸಬ್ಯಾಡ್ರಿ. ಅಂಗಡಿಯವ ಓದ್ತಾನೆ, ಸಂಜೆಗೆ ಮ್ಯಾನೇಜರ್‌ಗೆ ಗೊತ್ತಾಗುತ್ತೆ. ವಿದ್ಯಾನಗರದ ಕಡೆ ಹೋಗಿ. ಕಾಲೇಜು ಹುಡುಗರು ಮುಗಿಬಿದ್ದಿರುತ್ತಾರೆ, ಅಲ್ಲಿ ಯಾರಿಗೂ ಓದೋ ಪುರುಸೊತ್ತು ಇರಲ್ಲ.